ಬಿಸಿಲೇರಿದ ಮೇಲೆ ಹಿಡಿಯುವ ಬ್ರೇಕು

ಸಿಂದಗಿಯ ಡ್ರೈವರ್ ಹಾಜಿಮಲಂಗನ ಮಾತು ಖರೆಯೋ ಸುಳ್ಳೋ ನೋಡಬೇಕಾದರೆ ಮುಂಜಾನೆ ಬೇಗ ಏಳಬೇಕಾಗಿತ್ತು. ಊರಿನ ದೊಡ್ಡವರಿಂದ ಅದೊಂದು ಆಗಲಿಲ್ಲ.

ಸಾವಿರದ ಒಂಬೈನೂರ ಅರವತ್ತರ ಆಚೀಚಿನ ಒಂದು ಚಳಿಗಾಲ. ಎಣ್ಣೆ ವ್ಯಾಪಾರಿ ಬಸಂತರಾಯರು ಸೊಲ್ಲಾಪುರದಿಂದ ಹಳೆಯ ವಿಲಾಯತಿ ಕಾರೊಂದನ್ನು ತಂದಿದ್ದರು. ಗಾಡಿ ಅವರದು, ಪೆಡಲಿನ ಮೇಲಿನ ಕಾಲು ಮಲಂಗನದು. ಆ ಕಾಲಿಗೆ ಒಂದು ದಿನ ಸಂಶಯ ಬಂತು. ಥಂಡಿಯಲ್ಲಿ ಹ್ಯಾಂಡಲ್ ತಿರುವಿ, ಎಂಜಿನ್ ಎಬ್ಬಿಸಿ ಮೊದಲ ಸಲ ಬ್ರೇಕು ತುಳಿದರೆ ಪೆಡಲು ಎರೆಮಣ್ಣಿನ ಕೆಸರಿನಲ್ಲಿ ಕಾಲಿಟ್ಟಂತೆ ಮೆಲ್ಲಗೆ ತಳಕ್ಕಿಳಿಯುತ್ತಿತ್ತು. ಮತ್ತೆ ಮತ್ತೆ ತುಳಿದರೆ ಒಂದಿಷ್ಟು ಹಿಡಿಯುವುದು, ಆಮೇಲೆ ಮತ್ತೆ ಸಡಿಲ. ಬಿಸಿಲೇರಿ ಗಾಡಿ ನಾಲ್ಕು ಮೈಲಿ ಓಡಿತೆಂದರೆ ಏನೂ ಆಗೇ ಇಲ್ಲವೆಂಬಂತೆ ಗಟ್ಟಿ.

ಮಲಂಗ ಗಾಲಿಗಳ ಒಳಮೈಯನ್ನೆಲ್ಲ ಬೆರಳಿನಿಂದ ಸವರಿದ. ಎಲ್ಲಿಯೂ ಸೋರಿದ ಜಿಡ್ಡಿಲ್ಲ. ಕೊನೆಗೆ ಬ್ರೇಕಿನ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಬೆಲ್ಲದ ಪಾಕದಂಥದ್ದು ಕೂತಿತ್ತು, ಮೇಲೆ ಕೆನೆ. ಬೆರಳಿಗೆ ಹತ್ತಿದ್ದು ಬಿಡಲೊಲ್ಲದು. ಮೂಸಿದ. ಕುಸುಬೆ ಎಣ್ಣೆ. ಅದಕ್ಕೆ ಒಳಗಿನ ರಬ್ಬರು ಕೆಟ್ಟಿತ್ತು: ಥಂಡಿಗೆ ಬಿರುಸಾಗಿ ಎಣ್ಣೆಯನ್ನು ಹಿಂದಕ್ಕೆ ಬಿಡುವುದು, ಬಿಸಿಗೆ ಮೆತ್ತಗಾಗಿ ತಡೆಹಿಡಿಯುವುದು.

ಅದು ಅಲ್ಲಿಗೆ ಹೋದದ್ದು ಅವನ ಕಣ್ಣೆದುರಿಗೇ. ದೀಪಾವಳಿ ಹೊತ್ತಿಗೆ ಬ್ರೇಕಿನ ಎಣ್ಣೆ ಕಡಿಮೆಯಾದಾಗ, ವಿಜಾಪುರದಿಂದ ತರಿಸಬೇಕು ಅಂದಿದ್ದ. ಬಸಂತರಾಯರು ತಮ್ಮ ಗಾಣದಿಂದಲೇ ತಂಬಿಗೆ ಹಿಡಿದು ಬಂದಿದ್ದರು.

“ನಮ್ಮ ಎಣ್ಣಿ ದೇವರ ದೀಪಕ್ಕ ನಡೀತೈತಿ, ನಿನ್ನ ಬ್ರೇಕಿಗೆ ನಡಿಯಂಗಿಲ್ಲೇನು?”

“ದೇವರು ಇಳಿಜಾರಿನ್ಯಾಗ ಓಡಂಗಿಲ್ಲಲ್ರಿ, ಸಾವ್ಕಾರ್ರ.”

ಗಾಣದ ಆಳುಗಳು ನಕ್ಕಿದ್ದರು. ಸಾಹುಕಾರರು ಸುರಿದೇ ಬಿಟ್ಟಿದ್ದರು.

ಈಗ ಮಲಂಗ ಹೋಗಿ ಹೇಳಿದ: “ನಾಳೆ ಮುಂಜಾನಿ ನೀವ ಬಂದು ಒಮ್ಮಿ ತುಳದು ನೋಡ್ರಿ.”

“ಪೂಜಿ ಬಿಟ್ಟು ನಿನ್ನ ಪೆಡಲ ತುಳೀಲೇನು? ಹಂಗ ಸಂತ್ಯಾಗ ಡಂಗುರಾನೂ ಹೊಡದು ಬಿಡು, ಬಸಂತರಾಯನ ಎಣ್ಣಿ ಕೆಟ್ಟೈತಿ ಅಂತ.”

ಸಿಟ್ಟಿನ ಮೂಲ ಇದು. ಬ್ರೇಕು ಕೆಟ್ಟಿದೆಯೆಂದು ಒಪ್ಪಿದರೆ ಎಣ್ಣೆಗೆ ಕೆಟ್ಟ ಹೆಸರು ಬರುತ್ತದೆ. ಆದ್ದರಿಂದ ಬ್ರೇಕು ಕೆಡುವಂತಿಲ್ಲ.

ಆದರೂ ವಿಜಾಪುರದಿಂದ ಗಾಡಿ ರಿಪೇರಿಯ ಮೇಸ್ತ್ರಿ ಬೀರಣ್ಣನನ್ನು ಕರೆಸಿದರು. ಅವನ ಬಸ್ಸು ಬರುವ ಹೊತ್ತಿಗೆ ನೆತ್ತಿಯ ಮೇಲೆ ಬಿಸಿಲು. ತುಳಿದ, ಹಿಡಿಯಿತು. ಮುಚ್ಚಳ ತೆಗೆದು ಒಳಗೆ ನೋಡಿದ, ಮೇಲೆದ್ದು ಸಾಹುಕಾರರ ಮುಖ ನೋಡಿದ, ಮುಚ್ಚಳ ಹಾಕಿದ.

“ಬ್ರೇಕ ಛಲೋ ಐತ್ರಿ,” ಅಂದು ಒಳಗೆ ಊಟಕ್ಕೆ ಕೂತ.

ಮಲಂಗನಿಗೆ ಹೆದರಿಕೆ ತನ್ನ ಜೀವದ್ದಲ್ಲ. ಸಾಹುಕಾರರ ವಾಡೆಯಿಂದ ಓಣಿ ನೇರ ಇಳಿದು ಸೇದುವ ಬಾವಿಗೆ ಮುಟ್ಟುತ್ತದೆ. ಮುಂಜಾನೆ ಅಲ್ಲಿ ಕೊಡಗಳ ಸಾಲು. ಆ ಸಾಲಿನಲ್ಲಿ ಅವನ ಹೆಂಡತಿ ಜನ್ನತಬಿಯೂ ಇರುತ್ತಾಳೆ. ದಿನಾ ಏನಾದರೊಂದು ನೆಪ ತೆಗೆದು ಅವನು ಬಿಸಿಲಿಗೆ ಕಾಯುತ್ತಿದ್ದ. ನೌಕರಿ ಬಿಟ್ಟುಬಿಡಬಾರದಿತ್ತೇ ಎನ್ನುತ್ತೀರಿ. ಬಿಟ್ಟರೆ ಇನ್ನೊಬ್ಬ ಹತ್ತಿ ಕೂಡುತ್ತಿದ್ದ, ಪೆಡಲಿನ ಗುಣ ಗೊತ್ತಿಲ್ಲದವನು.

ಎಳ್ಳಮಾವಾಸ್ಯೆ ಬಂತು. ದೇವಣಗಾಂವದ ಹೊಳೆದಂಡೆಯ ಹೊಲಕ್ಕೆ ಚರಗ ಚೆಲ್ಲಲು, ಭೂಮಿತಾಯಿಗೆ ಎಡೆ ಕೊಡಲು ಹೋಗಬೇಕು. ದೂರದ ದಾರಿಯೆಂದು ಸಾಹುಕಾರರು ಅವತ್ತು ಪೂಜೆಯನ್ನು ಹೊಲಕ್ಕೇ ಇಟ್ಟುಕೊಂಡು ಕತ್ತಲಿರುವಾಗಲೇ ಎದ್ದರು. ಸಜ್ಜೆ ರೊಟ್ಟಿಯ ಬುಟ್ಟಿ ತೊಡೆಯ ಮೇಲಿಟ್ಟು ಅವರ ತಾಯಿ ಸಿದ್ದಲಿಂಗವ್ವ ಹಿಂದೆ ಮಗನ ಪಕ್ಕ ಕೂತಳು.

“ಸಾವ್ಕಾರ್ರ, ಈಗರ ಒಮ್ಮಿ ತುಳೀರಿ. ಇಲ್ಲೇ ಅದೀರಲ್ಲ.”

“ಹಬ್ಬದ ದಿನಾನೂ ನಿಂದ ಅದ ರಾಗ. ಬೀರಣ್ಣ ಹೇಳಿಲ್ಲೇನು?”

“ತಮ್ಮಾ ಮಲಂಗಾ, ನಡಿಯಪಾ,” ಅಂದಳು ಮುದುಕಿ. “ಭೂಮಿತಾಯಿ ಕಾಯಾಕತ್ತಾಳ.”

ಮಲಂಗ ತುಳಿದು ತುಳಿದು ಪೆಡಲು ಗಟ್ಟಿ ಮಾಡಿಕೊಂಡ. ಮೊದಲ ಗೇರಿನಲ್ಲೇ ಓಣಿಗಿಳಿದ. ಅರ್ಧ ಇಳಿದಿರಬೇಕು, ಕಾಲ ಕೆಳಗಿನ ಪೆಡಲು ಮೆಲ್ಲಗೆ ಕುಸಿಯಿತು. ಕೈಬ್ರೇಕಿನ ತಂತಿ ಎಂದೋ ಸತ್ತಿತ್ತು. ಕೆಳಗೆ ಬಾವಿ, ಕೊಡಗಳು, ಬೆನ್ನು ಮಾಡಿ ಹಗ್ಗ ಸೇದುತ್ತಿದ್ದ ಹೆಂಗಸರು. “ಸರೀರಿ! ಸರೀರಿ!” ಎಂದು ಕಿರುಚುತ್ತ ಅವನು ಚಕ್ರ ಪೂರಾ ತಿರುವಿದ. ಗಾಡಿ ಓಣಿಯ ಬದಿಯ ಜೋಳದ ಕಣಿಕೆಯ ಬಣವೆಗೆ ಮೂತಿ ತೂರಿಸಿ ನಿಂತಿತು.

ಯಾರೂ ಸಾಯಲಿಲ್ಲ. ಸಿದ್ದಲಿಂಗವ್ವನ ಮುಂಗೈ ಮುರಿಯಿತು. ರೊಟ್ಟಿಗಳು ಬೀದಿ ತುಂಬ ಬಿದ್ದವು.

ಜನ ಕೂಡಿ, ಮುದುಕಿಯನ್ನು ದವಾಖಾನೆಗೆ ಮುಟ್ಟಿಸಿ, ಕಣಿಕೆ ಸರಿಸಿ, ಗಾಡಿಯನ್ನು ಹೊರಗೆಳೆಯುವಷ್ಟರಲ್ಲಿ ಬಿಸಿಲು ಚುರುಗುಡುತ್ತಿತ್ತು. ಆಗ ಬಸಂತರಾಯರು ದವಾಖಾನೆಯಿಂದ ಬಂದು, ಊರೆಲ್ಲ ನೋಡುತ್ತಿರುವಾಗ, ಮೊಟ್ಟಮೊದಲ ಸಲ ಆ ಪೆಡಲು ತುಳಿದರು.

ಹಿಡಿಯಿತು.

“ನೋಡ್ರಪಾ! ಕಲ್ಲ ಆಗೇತಿ ಬ್ರೇಕು. ಕಣ್ಣ ಮುಚ್ಚಿದ್ದಿಯೇನಲೇ ಮಲಂಗ್ಯಾ?”

ಮುಂಜಾನೆಯ ಚಳಿಯನ್ನು ಹಿಡಿದು ತಂದು ಈ ಬಿಸಿಲಿನಲ್ಲಿ ತೋರಿಸುವುದು ಹೇಗೆ? ಮಲಂಗ ಸಾಹುಕಾರರ ಕೈಗೆ ಗಾಡಿಯ ಕೀಲಿ ಕೊಟ್ಟ; ನೌಕರಿ ಹೋಯಿತು. ಹೊಸ ಡ್ರೈವರ್ ರಸೂಲಸಾಬನ ಹತ್ತಿರ ಹೋಗಿ ಪೆಡಲಿನ ಗುಣ ಬಿಡಿಸಿ ಹೇಳಿದ. “ನೌಕರಿ ಹೋದ ಹೊಟ್ಟೆಕಿಚ್ಚಿಗೆ ಹೇಳಾಕತ್ತೀಯೇನ್ ಚಾಚಾ?” ಅಂದು ಅವನು ನಕ್ಕ.

ಮರುದಿನದಿಂದ ಚಳಿ ಮುಗಿಯುವ ತನಕ ಮಲಂಗ ನಸುಕಿನಲ್ಲೇ ಕಂಬಳಿ ಹೊದ್ದು ಬಾವಿಯ ಕಟ್ಟೆಯ ಹತ್ತಿರ ನಿಲ್ಲತೊಡಗಿದ. ವಾಡೆಯಲ್ಲಿ ಎಂಜಿನ್ ಸದ್ದಾದ ಕೂಡಲೇ ಹೆಂಗಸರನ್ನು, ಎಮ್ಮೆಗಳನ್ನು ಬದಿಗೆ ಅಟ್ಟುತ್ತಿದ್ದ.

“ತಲಿ ಕೆಟ್ಟೈತಿ ಇವಂಗ,” ಅನ್ನುತ್ತಿದ್ದರು ಹೆಂಗಸರು. ಜನ್ನತಬಿ ಮಾತ್ರ ಕೊಡ ಎತ್ತಿಕೊಂಡು ಬದಿಗೆ ಸರಿಯುತ್ತಿದ್ದಳು. ಕಾರು ಇಳಿದು ಹೋಗಿ ಕಣ್ಮರೆಯಾದ ಮೇಲೆ ಅವನು ಕಂಬಳಿ ಕೊಡವಿ ಮನೆಗೆ ನಡೆಯುತ್ತಿದ್ದ.