ಏಳನೇ ಸೀಸೆಯ ವರದಿ

ಗುರ್‌ಗಾಂವ್‌ನ ಔಷಧ ಪ್ರಯೋಗಾಲಯವೊಂದರಲ್ಲಿ ನನ್ನ ಕೆಲಸ ಮುಖ್ಯವಾಗಿ 'ಬೇಡ' ಎನ್ನುವುದಾಗಿತ್ತು. ಹೆಸರಿಲ್ಲದೆ ಬರೀ ನಂಬರು ಅಂಟಿಸಿದ ಸೀಸೆಗಳು ಬರುತ್ತಿದ್ದವು. ಲಿವರ್ ಆ ಔಷಧವನ್ನು ಒಡೆದಾಗ ಹುಟ್ಟುವ ಚೂರು ಲಿವರಿಗೇ ಅಂಟಿಕೊಂಡು ಅದನ್ನು ಕೆಡಿಸುತ್ತದೆಯೇ ಎಂದು ನಾನು ನೋಡಬೇಕು.

ಏಳನೇ ಸೀಸೆಯದು ಗಟ್ಟಿಯಾಗಿಯೇ ಅಂಟಿತು. 'ಮನುಷ್ಯರಿಗೆ ಕೊಡಕೂಡದು' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ.

ನಮ್ಮ ಮೇಲಧಿಕಾರಿ ಪೂಣಚ್ಚ ಸರ್ ಕೊಡಗಿನವರು, ಮೊದಲು ಸೇನೆಯಲ್ಲಿ ಡಾಕ್ಟರಾಗಿದ್ದವರು. ವರದಿ ಹಿಡಿದುಕೊಂಡು ನನ್ನ ಮೇಜಿನ ಬಳಿ ಬಂದರು.

"ಒಂದು ಮಾತ್ರೆಯೂ ಬೇಡ್ವೇನಮ್ಮಾ?"

"ಖಂಡಿತ ಬೇಡ ಸರ್."

"ಬೆಳಿಗ್ಗೆ ತಲೆನೋವು ಅಂತಿದ್ದೆ. ಏನು ತಗೊಂಡೆ?"

"ಪ್ಯಾರಾಸಿಟಮಾಲ್."

"ಇದೂ ಅದೇ. ನಿನ್ನನ್ನೇ ಪರೀಕ್ಷೆ ಮಾಡೋಣ ಅಂತ ನಾನೇ ಸೇರಿಸಿದ್ದೆ."

ನಾನು ಸೀಸೆ ನೋಡಿದೆ. ಅವರು ನನ್ನನ್ನು ನೋಡಿದರು.

"ಪ್ರಯೋಗದಲ್ಲಿ ತಪ್ಪಿಲ್ಲ. ಅಂಟೋದು ನಿಜ, ಮಿತಿ ಮೀರಿ ನುಂಗಿದರೆ ಲಿವರ್ ಹೋಗೋದೂ ನಿಜ. ದಿನಕ್ಕೆ ಎಷ್ಟು ಕೊಡೋ ಔಷಧ ಅಂತ ಮಾತ್ರ ನೀನು ಕೇಳಲೇ ಇಲ್ಲ."

"ಹಾಗಾದ್ರೆ ಹೋದ ತಿಂಗಳು ನಾನು ಬೇಡ ಅಂದ ನಾಲ್ಕು ಔಷಧದ ಗತಿ ಏನು ಸರ್?"

"ಅಚ್ಛಾ, ಆಗಲೂ ಕೇಳಿರಲಿಲ್ವಾ?" ಎಂದು ಕುರ್ಚಿ ಎಳೆದುಕೊಂಡು ಕೂತರು.

ನಾಲ್ಕೂ ಫೈಲು ಹರಡುವಷ್ಟರಲ್ಲಿ ನನ್ನ ತಲೆ ಮತ್ತೆ ಸಿಡಿಯತೊಡಗಿತು. ಮನುಷ್ಯರಿಗೆ ಕೊಡಕೂಡದ ಮಾತ್ರೆ ಬ್ಯಾಗಿನಲ್ಲೇ ಇತ್ತು. ಒಂದು ನುಂಗಿದೆ.