ಡೊಂಬಿವಲಿಯಲ್ಲೊಂದು ಊರಿನ ಊಟ

ಕಾರ್ಕಳದ ಕಡೆಯ ಒಂದು ಸಣ್ಣ ಊರನ್ನು ಹೆಚ್ಚುಕಡಿಮೆ ಖಾಲಿ ಮಾಡಿದವನು ಗುಣಪಾಲ. ಯಾರ ಮೇಲಿನ ಸಿಟ್ಟಿನಿಂದಲೂ ಅಲ್ಲ. ಮುಂಬಯಿ ಬಳಿಯ ರಬಾಳೆಯ ಕಾರ್ಖಾನೆಯೊಂದರ ಕ್ಯಾಂಟೀನು ಕೈಗೆ ಬಂದದ್ದೇ ತಡ, ಊರಿಗೆ ಹೋದಾಗಲೆಲ್ಲ ಒಬ್ಬಿಬ್ಬರನ್ನು ಎಬ್ಬಿಸಿಕೊಂಡು ಬರತೊಡಗಿದ. ಬಂದವರು ದಿವಾದಲ್ಲಿದ್ದ ಅವನ ಒಂಟಿ ಕೋಣೆಯ ಖೋಲಿಯಲ್ಲಿ ಮಲಗಿ, ಪಾತ್ರೆ ತೊಳೆದು, ಟೇಬಲ್ ಒರೆಸಿ, ಕೊನೆಗೆ ಎಲ್ಲಾದರೊಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಊರಿನ ಮನೆಗಳಿಗೆ ಹೆಂಚು ಹೋಗಿ ಟೆರೇಸು ಬಂತು. ಗದ್ದೆಯಲ್ಲಿ ನೇಜಿ ನೆಡಲು ಮಾತ್ರ ಜನ ಸಿಗದಾಯಿತು.

ಊರಲ್ಲೇ ಉಳಿದವಳು ಅವನ ತಂಗಿ ಪ್ರಭಾ. 2009ರಲ್ಲಿ ಅವಳ ಮಗಳು ರಮಿತಾಳಿಗೆ ಡೊಂಬಿವಲಿಯ ಹುಡುಗ ಗೊತ್ತಾದ. ಮದುವೆಯೂ ಅಲ್ಲೇ ಎಂದಾಯಿತು. ಪ್ರಭಾ ಅಣ್ಣನಿಗೆ ಫೋನು ಮಾಡಿದಳು.

"ಸಂಬಳಕ್ಕೆ ಬಂದವರು ಬಡಿಸುವುದು ಬೇಡ ಅಣ್ಣ. ನೆರೆಕರೆಯವರೇ ಬಡಿಸ್ಬೇಕು. ಇಲ್ಲಾಂದ್ರೆ ನಮ್ಮ ಮನೆ ಮದುವೆ ಅಂತ ನಂಗೆ ಅನ್ನಿಸ್ಲಿಕ್ಕಿಲ್ಲ."

ಗುಣಪಾಲನಿಗೆ ಹುಮ್ಮಸ್ಸೋ ಹುಮ್ಮಸ್ಸು. ನೆರೆಕರೆ ಪೂರ್ತಿ ಇಲ್ಲೇ ಇದೆಯಲ್ಲ! ದಿವಾ, ಕಲ್ಯಾಣ್, ಟಿಟ್ವಾಳಾ ಎಂದು ಓಡಾಡಿ, ಎಲ್ಲರಿಗೂ ರಜೆ ಹಾಕಿಸಿದ. ಮದುವೆಯ ದಿನ ಸೊಂಟಕ್ಕೆ ಬೈರಾಸು ಬಿಗಿದು ನಿಂತವರನ್ನು ಕಂಡು ಪ್ರಭಾಳ ಕಣ್ಣು ತುಂಬಿತು. ಒಬ್ಬೊಬ್ಬರನ್ನೂ ಮನೆಯ ಹೆಸರು ಹಿಡಿದು ಮಾತಾಡಿಸಿದಳು.

ಬಡಿಸಿದರು ನೋಡಿ, ಅದೇನು ಚುರುಕು! ಸಾರಿನ ಹಿಂದೆಯೇ ಗಸಿ, ಗಸಿಯ ಹಿಂದೆಯೇ ಸಾಂಬಾರು. ಆದರೆ ಕೈಗೆ ಅಂಟಿದ ಕಸುಬು ಅಷ್ಟು ಸುಲಭದಲ್ಲಿ ಬಿಡುತ್ತದೆಯೇ? ಮದುಮಗನ ಅಜ್ಜ ದೇಜಪ್ಪನವರು ಅನ್ನ ಮುಗಿಸಿ ಪಾಯಸಕ್ಕೆ ಕಾಯುತ್ತಿದ್ದರು. ಕಲ್ಯಾಣಿನ ಹೋಟೆಲಿನಲ್ಲಿ ದುಡಿಯುವ ಸುಜನ್ ಬಂದವನೇ ಅವರ ಎಲೆ ಎತ್ತಿ, ಒದ್ದೆ ಬಟ್ಟೆಯಿಂದ ಮೇಜು ಒರೆಸಿಬಿಟ್ಟ. ಹೋಟೆಲಿನಲ್ಲಿ ಗಿರಾಕಿಯ ಕೈ ನಿಂತರೆ ಜಾಗ ಖಾಲಿಯಾಗಬೇಕು. ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಏಳುವವರೆಗೆ ಎಲೆ ಮುಟ್ಟುವಂತಿಲ್ಲ. ಅದರಲ್ಲೂ ಬೀಗರ ಎಲೆ!

ಪಂಕ್ತಿಯವರೆಲ್ಲ ತಿರುಗಿ ನೋಡಿದರು. ಗುಣಪಾಲ ಕೈಮುಗಿದು ಓಡಿ ಬರುವಷ್ಟರಲ್ಲಿ ಪ್ರಭಾ ಎರಡು ಎಲೆ ಹಿಡಿದು ಬಂದಳು. ಒಂದನ್ನು ಅಜ್ಜನ ಮುಂದೆ ಹಾಕಿ, ಪಕ್ಕಕ್ಕೆ ಕುರ್ಚಿ ಎಳೆದು ಸುಜನ್‌ನನ್ನು ಭುಜ ಹಿಡಿದು ಕೂರಿಸಿದಳು.

"ಇವ ನಮ್ಮ ಪಕ್ಕದ ಮನೆಯವ ಅಜ್ಜ. ಊರು ಬಿಟ್ಟ ಮೇಲೆ ನಿಂತೇ ಉಂಡದ್ದು, ಪಂಕ್ತಿ ಮರ್ತುಹೋಗಿದೆ. ನಿಮ್ಮ ಹತ್ರ ಕೂತು ಉಣ್ಲಿ."

ದೇಜಪ್ಪನವರು ನಕ್ಕು, ಸರಿದು ಜಾಗ ಕೊಟ್ಟರು.

ಮುಂದಿನ ಪಂಕ್ತಿಗೆ ಪ್ರಭಾ ಅವರ್ಯಾರನ್ನೂ ಬಡಿಸಲು ಬಿಡದೆ ತಾನೇ ಬಡಿಸಲು ನಿಂತಳು. ದಿವಾದವರು, ಟಿಟ್ವಾಳಾದವರು ಎಲ್ಲರೂ ಬಕೆಟ್ಟು ಕೆಳಗಿಟ್ಟು ಸಾಲಾಗಿ ಕುಳಿತರು. ಗುಣಪಾಲನೊಬ್ಬ ಸೌಟು ಹಿಡಿದು ನಿಂತೇ ಇದ್ದ. ಅವಳು ಅದನ್ನು ಕಿತ್ತುಕೊಂಡು ಅಣ್ಣನನ್ನೂ ಕೂರಿಸಿದಳು.

ಅವನ ಎಲೆಗೆ ತಂಗಿ ಪಾಯಸ ಹಾಕುತ್ತಲೇ ಹೋದಳು. ಗುಣಪಾಲ ಸಾಕು ಎನ್ನಲೇ ಇಲ್ಲ.