ಎದೆಗವಚಿ ಬಿದ್ದವರು

೨೦೦೯ರಲ್ಲಿ ನಾನು ದುಬೈನ ಖಾಸಗಿ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ವೈದ್ಯನಾಗಿದ್ದೆ. ಬೇಸಿಗೆಯ ಒಂದು ಶನಿವಾರ ಮಧ್ಯಾಹ್ನ, ಎಪ್ಪತ್ತು ದಾಟಿದ ವಿದೇಶಿ ವೃದ್ಧರೊಬ್ಬರನ್ನು ಅವರ ಮಗಳು ಕಾರಿನಲ್ಲಿ ಕರೆತಂದರು. ತಲೆಯ ಹಿಂಭಾಗ ಊದಿತ್ತು. ಕರೆದರೆ ಕಣ್ಣು ತೆರೆದು ಮತ್ತೆ ಮಂಪರಿಗೆ ಜಾರುತ್ತಿದ್ದರು.

"ಬಾತ್‌ರೂಮಿನಲ್ಲಿ ಬಿದ್ದರು. ಈಗಷ್ಟೇ," ಎಂದರು ಮಗಳು.

ಹೃದಯದ ತೊಂದರೆಗಾಗಿ ಅವರು ವಾರ್ಫರಿನ್, ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ತೆಗೆದುಕೊಳ್ಳುತ್ತಿದ್ದರು. ತಕ್ಷಣ ಸಿ.ಟಿ. ಸ್ಕ್ಯಾನ್ ಮಾಡಿಸಿದೆ. ಮಿದುಳಿನ ಮೇಲೆ ಸಾಕಷ್ಟು ರಕ್ತ ಸೇರಿತ್ತು. ಈಗಷ್ಟೇ ಬಿದ್ದವರ ಚಿತ್ರದಂತೆ ಅದು ಕಾಣಲಿಲ್ಲ. ಮೈಮೇಲೆ ಇಸ್ತ್ರಿ ಮಾಡಿದ ಸೂಟು, ಬಾತ್‌ರೂಮಿನಲ್ಲಿ ಬಿದ್ದವರ ಉಡುಪಲ್ಲ. ಬೀಳುವಾಗ ಯಾರೇ ಆಗಲಿ ಕೈ ಊರುತ್ತಾರೆ. ಇವರ ಅಂಗೈಯಲ್ಲಿ ಒಂದು ಗೀರೂ ಇರಲಿಲ್ಲ. ಹೃದಯ ಕೈಕೊಟ್ಟು ಪ್ರಜ್ಞೆ ತಪ್ಪಿ ಬಿದ್ದರೇ? ಹಾಗಿದ್ದರೆ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವುದೇ ಅಪಾಯ.

ಮಗಳನ್ನು ಪಕ್ಕದ ಕೋಣೆಗೆ ಕರೆದು ಬಾಗಿಲು ಹಾಕಿದೆ. "ಮೇಡಂ, ಎಲ್ಲಿ ಬಿದ್ದರು ಅನ್ನೋದು ನನಗೆ ಬೇಡ. ಹೇಗೆ ಬಿದ್ದರು, ಯಾವಾಗ ಬಿದ್ದರು, ಅಷ್ಟು ಹೇಳಿ."

ಆಕೆ ಅಳುತ್ತಲೇ ಹೇಳಿದರು. ಅವರು ಯೆಹೂದಿಗಳು; ಆಗ ದುಬೈನಲ್ಲಿ ಅವರಿಗೆ ಬಹಿರಂಗವಾದ ಪ್ರಾರ್ಥನಾಮಂದಿರವಿರಲಿಲ್ಲ. ಕೆಲವೇ ಕುಟುಂಬಗಳು ಹೊರಗೆ ಯಾರಿಗೂ ಹೇಳದೆ ಒಂದು ವಿಲ್ಲಾದಲ್ಲಿ ಪ್ರಾರ್ಥನೆಗೆ ಸೇರಿದ್ದವು; ಅದು ಹೊರಬಿದ್ದೀತೆಂಬ ಹೆದರಿಕೆಗೇ ಬಾತ್‌ರೂಮ್ ಎಂದಿದ್ದರು. ಅವರ ಧರ್ಮಗ್ರಂಥ ತೋರಾ, ಚರ್ಮದ ಹಾಳೆಯ ಮೇಲೆ ಕೈಯಿಂದ ಬರೆದ ಸುರುಳಿ. ಅದರ ಅಕ್ಷರಗಳನ್ನು ಬರಿಗೈಯಿಂದ ಮುಟ್ಟುವುದಿಲ್ಲ, ಬೆಳ್ಳಿಯ ಕಡ್ಡಿಯಿಂದ ತೋರಿಸುತ್ತಾ ಓದುತ್ತಾರೆ. ಹೊತ್ತು ತರುವಾಗ ಎಲ್ಲರೂ ಎದ್ದು ನಿಲ್ಲುತ್ತಾರೆ. ಸುರುಳಿ ನೆಲಕ್ಕೆ ಬಿದ್ದರೆ ಪ್ರಾಯಶ್ಚಿತ್ತವಾಗಿ ಉಪವಾಸ ಮಾಡುವುದು ರೂಢಿ.

ಆ ಬೆಳಿಗ್ಗೆ ಸುರುಳಿ ಹೊತ್ತವರು ಈ ವೃದ್ಧರು. ನುಣುಪಾದ ನೆಲದ ಮೇಲೆ ಕಾಲಡಿಯ ಜಮಖಾನೆ ಸರಿಯಿತು. ಅವರು ಕೈ ಚಾಚಲಿಲ್ಲ; ಸುರುಳಿಯನ್ನು ಎರಡೂ ಕೈಯಿಂದ ಎದೆಗವಚಿಕೊಂಡು ಹಿಂದಕ್ಕೆ ಬಿದ್ದರು.

"ಕೂಡಲೇ ಎದ್ದು ಕೂತರು. ಓದು ಅರ್ಧಕ್ಕೆ ನಿಲ್ಲೋದು ಬೇಡ ಅಂದರು. ಮುಗಿಯೋವರೆಗೂ ಕೂತಿದ್ದರು, ಡಾಕ್ಟರ್. ಜೀವ ಉಳಿಸೋಕೆ ಹೆಚ್ಚುಕಮ್ಮಿ ಎಲ್ಲ ನಿಯಮ ಮುರಿಯಬಹುದು ಅಂತ ನಮ್ಮ ಧರ್ಮವೇ ಹೇಳುತ್ತೆ. ನನಗೆ ಅದನ್ನು ಕಲಿಸಿದ್ದೇ ಅಪ್ಪ."

ಪ್ರಜ್ಞೆ ತಪ್ಪಿ ಬಿದ್ದದ್ದಲ್ಲ ಎಂದು ಖಚಿತವಾದ ಮೇಲೆ ಶಸ್ತ್ರಚಿಕಿತ್ಸೆಗೆ ಸಿದ್ಧತೆ ನಡೆಯಿತು. ಸ್ಟ್ರೆಚರ್ ಹೊರಡುವಾಗ ವೃದ್ಧರು ಕಣ್ಣು ತೆರೆದರು. "ನೆಲಕ್ಕೆ ತಾಗಿತಾ?"

"ಇಲ್ಲ ಅಪ್ಪಾ. ತೋರಾ ನಿಮ್ಮ ಎದೆಯ ಮೇಲೇ ಇತ್ತು."

ಪಕ್ಕದಲ್ಲಿದ್ದ ನರ್ಸ್ ಜಮೀಲಾ ಉಪ್ಪಿನಂಗಡಿಯವರು. ಅವರು ನನ್ನ ಕಡೆ ತಿರುಗಿ, "ಕುರಾನ್ ಕೈಜಾರಿದ್ರೆ ನಮ್ಗೂ ಎದೆ ಝಲ್ ಅಂತದೆ ಡಾಕ್ಟ್ರೇ," ಎಂದರು.

"ಹೌದ್ರಿ ಸಿಸ್ಟರ್," ಎಂದೆ.

ರಕ್ತ ತೆಗೆದರೂ ಅವರಿಗೆ ಎಚ್ಚರವಾಗಲಿಲ್ಲ. ತೀವ್ರ ನಿಗಾ ಘಟಕದಲ್ಲೇ ತೀರಿಕೊಂಡರು. ಬೇಗ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ಮಗಳು ಕೇಳಿದರು. "ಸಾಧ್ಯತೆ ಹೆಚ್ಚಿತ್ತು," ಎಂದೆ. ಸುಳ್ಳು ಹೇಳಬಹುದಿತ್ತು, ಆಕೆಗೆ ಅದು ತಿಳಿದುಬಿಡುತ್ತಿತ್ತು.

ರೋಗಿಯ ಕಡೆಯವರು ಸುಳ್ಳು ಹೇಳಿದರೆ ಅಲ್ಲಿಯವರೆಗೂ ಸಿಟ್ಟಾಗುತ್ತಿದ್ದೆ. ಹೆದರಿದವರಿಗೆ ನಿಜ ಹೇಳಲು ಮೊದಲು ಒಂದು ಸುರಕ್ಷಿತ ಜಾಗ ಬೇಕು, ಅದನ್ನು ಒದಗಿಸುವುದೂ ಚಿಕಿತ್ಸೆಯೇ ಎಂದು ನನ್ನ ವೃತ್ತಿ ಆ ಶನಿವಾರ ಕಲಿಸಿತು.